ವಿಭೂತಿ ಹಚ್ಚಿದ ಪೆನ್ಸಿಲ್ಲು

ಮೊನ್ನೆ ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮೊಮ್ಮಗಳ ಪುಸ್ತಕದ ಜೊತೆ ಇಡಲು ಒಂದು ಹೊಸ ಪೆನ್ಸಿಲ್ ಬೇಕಾಗಿತ್ತು. ದೇಶಪಾಂಡೆ ನಗರದ ನಮ್ಮ ಮನೆ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಕೊಟ್ಟ ಪೆನ್ಸಿಲನ್ನು ಮೊದಲು ಗಾಜಿನ ಮೇಲೆ ಉರುಳಿಸಿದೆ. ಕಿವಿಗೊಟ್ಟು ಕೇಳಿದೆ. ಆಮೇಲೆ ಅದರ ತುದಿಯನ್ನು ಮೂಗಿಗೆ ಹಿಡಿದೆ. ನನ್ನನ್ನೇ ನೋಡುತ್ತಿದ್ದ ಹುಡುಗ ತಡೆಯಲಾರದೆ, "ಅಜ್ಜಿ, ಅದು ಮಾವಿನಹಣ್ಣಲ್ಲರಿ" ಅಂದ.

ನಕ್ಕೆ. ಆದರೆ ಅಷ್ಟರಲ್ಲಿ ಆ ವಾಸನೆ ಮೂಗಿಗೆ ಹತ್ತಿಬಿಟ್ಟಿತ್ತು. ಕೊಯ್ದ ಕಟ್ಟಿಗೆ, ಸ್ವಲ್ಪ ಮೇಣ, ಸ್ವಲ್ಪ ಅಂಟು... ಕಾಕುವಿನ ಸೆರಗಿನ ವಾಸನೆ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಒಂದು ಗಳಿಗೆ ಕೂತೇಬಿಟ್ಟೆ.

ಕಾಕು ನನ್ನ ಬಳಗದವರೇನಲ್ಲ. ನಾನು ಮದುವೆಯಾಗಿ ಶಿರಗುಪ್ಪಿಯಿಂದ ಹುಬ್ಬಳ್ಳಿಗೆ ಬಂದಾಗ ಬಾಡಿಗೆಗಿದ್ದ, ಈಗ ನಮ್ಮದೇ ಆಗಿರುವ ಈ ಮನೆಯ ಎದುರು ಮನೆಯವರು. ಓಣಿಗೆಲ್ಲ ಅವರು ಕಾಕು, ಅವರ ಯಜಮಾನರು ಕಾಕಾ. ಅರಳೆ ವ್ಯಾಪಾರದ ಮನೆತನ. ಕಾಕುವಿನ ಹಣೆಯ ತುಂಬ ವಿಭೂತಿ, ನಡುವೆ ದುಂಡನೆಯ ಕುಂಕುಮ, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ದನಿಯಂತೂ ಕೇಳಲೇಬೇಡಿ. ಅವರು ಗುಟ್ಟಿನಲ್ಲಿ ಹೇಳಿದ ಮಾತು ಓಣಿಯ ಕೊನೆಯ ಮನೆಗೂ ಮುಟ್ಟುತ್ತಿತ್ತು. ನಾನೋ, ಹೊಸ ಸೊಸೆ, ಮನೆಯಲ್ಲಿ ಕೂತು ಕೂತು ಗೋಡೆಯ ಜೊತೆ ಮಾತಾಡುವ ಹಂತಕ್ಕೆ ಬಂದಿದ್ದೆ.

ಕಾಕಾ ಭಾಳ ಸಂಭಾವಿತರು, ಒಂದು ನಮೂನೆಯ ಮನುಷ್ಯ. ಯಾವುದೋ ಊರಿನಲ್ಲಿ ಮುಚ್ಚಿದ ಕಾರ್ಖಾನೆಯ ಸಾಮಾನು ಹರಾಜಿಗಿದೆ ಎಂದು ಕೇಳಿ, ಅರಳೆ ತೂಗುವ ದೊಡ್ಡ ತಕ್ಕಡಿ ತರಲು ಹೋದವರು, ಪೆನ್ಸಿಲ್ ಮಾಡುವ ಯಂತ್ರಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ತಕ್ಕಡಿ ಮಾತ್ರ ಬರಲಿಲ್ಲ. ಕಾಕು ಈ ಕತೆಯನ್ನು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. "ಯಾಕ್ರೀ ಇದನ್ನ ತಂದ್ರಿ ಅಂತ ಕೇಳಿದ್ನಿ. ಹಸರ ಬಣ್ಣ ಛಲೋ ಕಂಡಿತು ಅಂದ್ರವಾ" ಎನ್ನುವರು. ಪ್ರತಿ ಸಲವೂ ಕಾಕಾ ಪಕ್ಕದಲ್ಲೇ ಕೂತು, ಬೇರೆ ಯಾರದೋ ಸುದ್ದಿ ಕೇಳುತ್ತಿರುವವರ ಹಾಗೆ ನಗುತ್ತಿದ್ದರು.

ಯಂತ್ರಗಳು ಅವರ ಅರಳೆ ತುಂಬಿಡುವ ವಖಾರಿಯಲ್ಲಿ ತಾಡಪತ್ರಿ ಹೊದ್ದು ಮಲಗಿದವು. ಕಾಕಾನ ತಮ್ಮ, ಅಂದರೆ ಕಾಕುವಿನ ಮೈದುನರು, ವ್ಯಾಪಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವರು. ಅವರಿಗೆ ವಖಾರಿ ಬೇಕಿತ್ತು. ಇವನ್ನು ಗುಜರಿಗೆ ಹಾಕೋಣ ಅಂದರು. ಕಾಕುವಿಗೆ ಅದೇಕೋ ಸರಿಬರಲಿಲ್ಲ. "ಮನಿಗೆ ಬಂದದ್ದನ್ನ ದುಡಿಸದ ಹೊರಗ ಹಾಕೂದೇನು? ನಾ ನಡಸ್ತೇನಿ" ಅಂದರು. ಎಲ್ಲರೂ ನಕ್ಕರು. ಮೈದುನರು ನಗುತ್ತಲೇ ಷರತ್ತು ಹಾಕಿದರು. "ಆತು ವೈನಿ. ದೀಪಾವಳಿಗೆ ಹೊಸ ಅರಳಿ ಬರ್ತೈತಿ. ಅಷ್ಟರಾಗ ನಿಮ್ಮ ಪೆನ್ಸಿಲ್ ಪ್ಯಾಟಿ ಮುಟ್ಟಿದ್ರ ನಾ ಬ್ಯಾರೆ ವಖಾರಿ ನೋಡ್ಕೋತೇನಿ. ಮುಟ್ಟಲಿಲ್ಲಂದ್ರ ಗುಜರಿಯಾಂವನ ಕರಸ್ತೇನಿ, ಆಗ ನೀವು ಅಡ್ಡ ನಿಂದ್ರಬಾರದು."

ಮರುದಿನ ಬೆಳಿಗ್ಗೆ ಕಾಕು ನಮ್ಮ ಬಾಗಿಲಿಗೆ ಬಂದು, "ಏನವಾ, ಗ್ವಾಡಿ ಜೋಡಿ ಮಾತು ಮುಗೀತೇನು? ಮುಗದಿದ್ರ ವಖಾರಿಗೆ ಬಾ" ಅಂದರು. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಅತ್ತೆಗೆ ಹೇಳಿದ್ದು ಸಂಜೆ ಬಂದ ಮೇಲೆ.

ಓಣಿಯ ಇನ್ನೂ ಕೆಲವು ಹೆಂಗಸರು ಸೇರಿಕೊಂಡರು. ಹೊರ ಊರಿನ ಮಿಸ್ತ್ರಿಯೊಬ್ಬ ಬಂದು ಯಂತ್ರ ಜೋಡಿಸಿ, ನಡೆಸುವುದನ್ನು ಕಲಿಸಿ ಹೋದ. ಅವನು ಹೇಳಿದ ಹೆಸರುಗಳು ನಮ್ಮ ನಾಲಿಗೆಗೆ ಹೊರಳಲಿಲ್ಲ, ನಾವೇ ಹೆಸರಿಟ್ಟೆವು. ತೆಳ್ಳನೆಯ ಕಟ್ಟಿಗೆ ಪಟ್ಟಿಗಳ ಮೇಲೆ ಉದ್ದುದ್ದ ಗೀರು ಕೊರೆಯುವ ಯಂತ್ರ ಸದಾ ಕಿರುಚುತ್ತಿತ್ತು, ಅದು ಅತ್ತಿ. ಆ ಗೀರುಗಳಲ್ಲಿ ಅಂಟು ಹಚ್ಚಿ, ಕಪ್ಪು ಕಡ್ಡಿ ಕೂಡಿಸಿ, ಮೇಲೆ ಇನ್ನೊಂದು ಪಟ್ಟಿ ಮುಚ್ಚಿ ಕೊಡುತ್ತಿದ್ದೆವು. ಅದನ್ನು ಅಂಟು ಒಣಗುವ ತನಕ ಅಮುಕಿ ಹಿಡಿಯುವುದು ನೆಗೆಣ್ಣಿ. ಒಣಗಿದ ಪಟ್ಟಿಯನ್ನು ಮೇಲೊಮ್ಮೆ ಕೆಳಗೊಮ್ಮೆ ಹೆರೆದು ಸಾಲಾಗಿ ಪೆನ್ಸಿಲ್ ಬೀಳಿಸುವುದು ಮಾವ. ಒಂದೇ ಪಟ್ಟಿ ಒಳಗೆ ಹೋಗಿ, ಆ ಕಡೆಯಿಂದ ಆರು ಮೂಲೆಯ ಪೆನ್ಸಿಲ್ಲುಗಳು ಪಟಪಟ ಉದುರಿದ್ದನ್ನು ಮೊದಲ ಸಲ ನೋಡಿದಾಗ ನಾನು ಚಪ್ಪಾಳೆ ತಟ್ಟಿದ್ದೆ. ಕೊನೆಗೆ ಬಣ್ಣದ ಯಂತ್ರ. ಕೆಂಪು ಬಣ್ಣದ ಬಟ್ಟಲಿನೊಳಗಿಂದ ಒಂದೊಂದೇ ಪೆನ್ಸಿಲನ್ನು ನೂಕಿ, ಒಣಗಲು ಉದ್ದನೆಯ ಪಟ್ಟೆಯ ಮೇಲೆ ಮಲಗಿಸುತ್ತಿತ್ತು. ಅದಕ್ಕೆ ಮದುಮಗಳು ಎಂದು ಹೆಸರಿಟ್ಟವಳು ನಾನೇ.

"ಅತ್ತಿ ಇವತ್ತ ಸಿಟ್ಟಿಗೆದ್ದಾಳ, ಎಣ್ಣಿ ಬಿಡ್ರಿ" ಎಂದು ಕಾಕು ಕೂಗಿದರೆ, ಮನೆಯಲ್ಲಿ ನಿಜವಾದ ಅತ್ತೆಯಿಂದ ಬೈಸಿಕೊಂಡು ಬಂದವರಿಗೆಲ್ಲ ಜೀವ ಹಗುರಾಗುತ್ತಿತ್ತು. ಸಂಜೆ ಕಾಕಾ ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಂಡು ಬರುವರು. ಕೈ ತೊಳೆದರೂ ಅಂಟು ಹೋಗುತ್ತಿರಲಿಲ್ಲ, ಗಿರ್ಮಿಟ್ಟಿನ ಚುರುಮುರಿ ಬೆರಳಿಗೇ ಹತ್ತುತ್ತಿತ್ತು.

ಕಾಕು ಪ್ರತಿ ಪೆನ್ಸಿಲನ್ನೂ ಕಡಪಾ ಕಲ್ಲಿನ ಮೇಲೆ ಉರುಳಿಸುವರು. ನೆಟ್ಟಗಿದ್ದದ್ದು ಒಂದೇ ಸಮನೆ ಗುರುಗುಟ್ಟುತ್ತ ಹೋಗುತ್ತದೆ, ಡೊಂಕಿದ್ದದ್ದು ಕುಂಟುತ್ತದೆ. ಆಮೇಲೆ ನಡುನಡುವೆ ಒಂದೊಂದನ್ನು ಆರಿಸಿ ಮೂಗಿನ ಎತ್ತರದಿಂದ ನೆಲಕ್ಕೆ ಕೆಡವುವರು. ಒಳಗಿನ ಕಡ್ಡಿ ಮುರಿದಿದೆಯೋ ಇಲ್ಲವೋ ನೋಡಲು ಹೆರೆಯುವರು. ಮೊದಮೊದಲು ಮುರಿದವೇ ಹೆಚ್ಚು. ಆ ಕಟ್ಟಿಗೆಯಲ್ಲಿ ನಮ್ಮೆಲ್ಲರ ಮನೆಯ ಒಲೆ ಉರಿಯಿತು. ಮೈದುನರು ದಿನಾ ಬಾಗಿಲಲ್ಲಿ ನಿಂತು, "ವೈನಿ, ಚಾ ಕಾಸಾಕ ಛಲೋ ಆಗ್ಯಾವ" ಎಂದು ಹೇಳಿ ಹೋಗುವರು.

ದಸರೆ ಹತ್ತಿರ ಬಂದಾಗ ನಮ್ಮ ಕೈ ಕುದುರಿತ್ತು. ನೆಟ್ಟಗೆ ಉರುಳುವ, ಬಿದ್ದರೂ ಮುರಿಯದ ಪೆನ್ಸಿಲ್ಲುಗಳು ತಟ್ಟೆ ತಟ್ಟೆ ತುಂಬಿ, ಬಣ್ಣಕ್ಕೆ ಕಾಯುತ್ತಿದ್ದವು. ದುರ್ಗದಬೈಲಿನ ಒಬ್ಬ ದೊಡ್ಡ ಕಾಗದದ ಅಂಗಡಿಯ ಸಾಹುಕಾರರು, ತಂದು ತೋರಿಸಿ, ಮನಸ್ಸಿಗೆ ಬಂದರೆ ಎಲ್ಲ ತೆಗೆದುಕೊಳ್ಳುತ್ತೇನೆ ಅಂದಿದ್ದರು. ಬಣ್ಣವೊಂದು ಬಾಕಿ. ಅಷ್ಟರಲ್ಲಿ ಖಂಡೆ ಪೂಜೆ ಬಂತು.

ಆ ದಿನ ಯಂತ್ರ ನಡೆಸುವಂತಿಲ್ಲ. ಅತ್ತಿ, ನೆಗೆಣ್ಣಿ, ಮಾವ, ಮದುಮಗಳು ಎಲ್ಲರಿಗೂ ಎಣ್ಣೆ ಒರೆಸಿ, ಚೆಂಡು ಹೂವಿನ ಮಾಲೆ ಹಾಕಿದೆವು. ಕಾಕು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳಿನಿಂದ ಎಲ್ಲ ಯಂತ್ರಕ್ಕೂ ಎಳೆದರು. ಆಮೇಲೆ ತಿರುಗಿ ತಟ್ಟೆಗಳನ್ನು ನೋಡಿದರು. ಬರಿಮೈಯ ಪೆನ್ಸಿಲ್ಲುಗಳು ಸಾಲಾಗಿ ಮಲಗಿದ್ದವು. ಕಾಕು ಹೋಗಿ ಅವಕ್ಕೂ ಎಳೆಯತೊಡಗಿದರು.

"ಕಾಕು, ಬಣ್ಣ ಹಚ್ಚಿದ ಮ್ಯಾಲೆ ಹಚ್ಚೋಣಲ್ರೀ" ಅಂದೆ ನಾನು.

"ಹುಚ್ಚಿ, ಕೂಸಿಗೆ ಎರದ ಮ್ಯಾಲೆ ಮೊದಲ ವಿಭೂತಿ ಹಚ್ಚತಾರೋ, ಅಂಗಿ ಹಾಕತಾರೋ?"

ನಾವೂ ಬೆರಳು ಅದ್ದಿಕೊಂಡು ಕೂತೆವು. ಒಂದು ತಟ್ಟೆಯನ್ನೂ ಬಿಡಲಿಲ್ಲ. ಹಚ್ಚಿ ಮುಗಿಸಿ, ಹೋಳಿಗೆ ಉಂಡು, ಮರುದಿನ ಒಬ್ಬರಿಗೊಬ್ಬರು ಬನ್ನಿ ಕೊಟ್ಟುಕೊಂಡು, ಅದರ ಮರುದಿನ ಮದುಮಗಳನ್ನು ಶುರುಮಾಡಿದೆವು.

ಬಣ್ಣ ಹಸಿಯಿದ್ದಾಗ ಎಲ್ಲ ಚೆನ್ನಾಗಿಯೇ ಕಂಡಿತು. ಒಣಗಿದ ಮೇಲೆ ಒರೆಸಲು ಕೂತೆವು ನೋಡಿ... ವಿಭೂತಿ ಇದ್ದ ಕಡೆಯೆಲ್ಲ ಕೆಂಪು ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಪ್ರತಿ ಪೆನ್ಸಿಲ್ಲಿನ ಒಂದು ಮಗ್ಗುಲಿಗೆ ಮೂರು ಬಿಳಿ ಗೆರೆ. ಒಂದರದ್ದು ದಪ್ಪ, ಒಂದರದ್ದು ಸಣ್ಣ, ಒಂದರದ್ದು ಸೊಟ್ಟ. ಕಾಕು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ತಟ್ಟೆಯಲ್ಲಿ ಇಟ್ಟರು. ಮತ್ತೆ ಮಾಡಲು ಕಟ್ಟಿಗೆ ಇರಲಿಲ್ಲ, ದೀಪಾವಳಿಗೆ ದಿನವೂ ಇರಲಿಲ್ಲ. ಮೈದುನರು ಬಾಗಿಲಿಗೆ ಬಂದವರು ಆ ದಿನ ಚಹಾದ ಮಾತು ಆಡದೆ ಹಾಗೇ ಹೋದರು. ನನಗೆ ಮತ್ತೆ ಮನೆಯ ಗೋಡೆಗಳೇ ಕಣ್ಣ ಮುಂದೆ ಬಂದವು. ಮೂಲೆಗೆ ಹೋಗಿ ಅತ್ತುಬಿಟ್ಟೆ.

ಕಾಕು ಬಂದು ಸೆರಗಿನಿಂದ ನನ್ನ ಮುಖ ಒರೆಸಿದರು. "ಅಳೂದು ಆಮ್ಯಾಲೆ. ಗಂಟ ಕಟ್ಟು. ಬರೀತಾವೋ ಇಲ್ಲೋ? ಬರೀತಾವು. ಅಂದ ಮ್ಯಾಲೆ ತೋರಸೂನು ನಡಿ" ಅಂದರು.

ದುರ್ಗದಬೈಲಿನ ಸಾಹುಕಾರರು ಪೆನ್ಸಿಲ್ ಕೈಗೆ ತೆಗೆದುಕೊಂಡು ಹುಬ್ಬು ಗಂಟಿಕ್ಕಿದರು. "ಬಣ್ಣ ಹಾರೇತಲ್ರೀ ಅಕ್ಕಾರ." ಆಮೇಲೆ ಇನ್ನೊಂದು ನೋಡಿದರು, ಮತ್ತೊಂದು ನೋಡಿದರು. ಅವರ ಹಣೆಯ ಮೇಲೂ ವಿಭೂತಿ ಇತ್ತು. ಮುಖ ಮೆಲ್ಲಗೆ ಬದಲಾಯಿತು. "ಇದು ವಿಭೂತಿ ಏನ್ರೀ?"

"ಹೌದ್ರಿ. ಖಂಡೆ ಪೂಜಿಗೆ ಹಚ್ಚಿದ್ನಿ. ಬಣ್ಣಕ್ಕಿಂತ ಮೊದಲ ಹಚ್ಚಿದ್ದ ತಪ್ಪಾತು."

ಸಾಹುಕಾರರು ಪೆನ್ಸಿಲನ್ನು ಕಣ್ಣಿಗೊತ್ತಿಕೊಂಡರು. "ಇಟ್ಟು ಹೋಗ್ರಿ ಅಕ್ಕಾರ. ಇದನ್ನ ಹೊಳ್ಳಿ ಕಳಿಸಾಕ ನನಗ ಮನಸ್ಸು ಬರೂದಿಲ್ಲ."

ಅಬ್ಬಾ, ಗೆದ್ದೆವು ಅಂದುಕೊಂಡೆ. ಆದರೆ ನಮ್ಮ ಕಾಕು ಗಂಟಿನ ಮೇಲೆ ಕೈಯಿಟ್ಟರು. "ಬ್ಯಾಡ್ರಿ. ದೇವರ ಮುಖ ನೋಡಿ ತಗೋಬ್ಯಾಡ್ರಿ. ನಾಳೆ ಒಂದು ಕೂಸು ಪರೀಕ್ಷಾದಾಗ ಕಡ್ಡಿ ಮುರಕೊಂಡು ಕುಂತ್ರ ವಿಭೂತಿ ಬಂದು ಬರದು ಕೊಡತೈತೇನು? ಮೊದಲ ಬರದು ನೋಡ್ರಿ."

ಹಿಂದಿನಿಂದ ಅವರ ಸೀರೆ ಜಗ್ಗಿದೆ. ಅವರು ತಿರುಗಿ ನೋಡಲಿಲ್ಲ. ಪೆನ್ಸಿಲನ್ನು ಗಲ್ಲಾದ ಮೇಲೆ ಉರುಳಿಸಿದರು, ಗುರುಗುಟ್ಟುತ್ತ ಹೋಯಿತು. ಮೂಗಿನ ಎತ್ತರದಿಂದ ಕಲ್ಲುನೆಲಕ್ಕೆ ಕೆಡವಿದರು. ನಾನು ಕಣ್ಣು ಮುಚ್ಚಿದೆ. ಸಾಹುಕಾರರು ಹೆರೆದರು. ತುದಿ ಚೂಪಾಗಿ ನಿಂತಿತು. ಕಾಗದದ ಮೇಲೆ ಒತ್ತಿ ಬರೆದರು, ಇನ್ನೂ ಒತ್ತಿ ಬರೆದರು. ಕಡ್ಡಿ ಜಪ್ಪಯ್ಯ ಅನ್ನಲಿಲ್ಲ.

ಅಷ್ಟು ಹೊತ್ತಿಗೆ ಅಂಗಡಿಗೆ ತಾಯಿಯ ಜೊತೆ ಬಂದಿದ್ದ ಒಬ್ಬ ಪುಟ್ಟ ಹುಡುಗಿ ಗಂಟಿನೊಳಗೆ ಕೈ ಹಾಕಿ ಪೆನ್ಸಿಲ್ ಆರಿಸತೊಡಗಿದ್ದಳು. ತಲೆಯ ಮೇಲೆ ಚಿಕ್ಕ ದುಪಟ್ಟಾ, ವಿಭೂತಿಗೂ ಅವಳಿಗೂ ಏನೂ ಸಂಬಂಧವಿಲ್ಲ. ಒಂದು ಸೊಟ್ಟ ಗೆರೆಯದ್ದನ್ನು ಎತ್ತಿ ಹಿಡಿದು, "ಅಮ್ಮಿ, ಇದ ಬೇಕು. ಇದರ ಗೆರಿ ಬ್ಯಾರೆ ಯಾರದಕ್ಕೂ ಇಲ್ಲ. ಸಾಲ್ಯಾಗ ಯಾರರ ತಗೊಂಡ್ರ ಗುರತ ಹಿಡೀತೇನಿ" ಅಂದಳು.

ಕಾಕು ಆ ಹುಡುಗಿಯನ್ನು ನೋಡಿದರು, ಸಾಹುಕಾರರನ್ನು ನೋಡಿದರು. ಆಮೇಲೆ ನಕ್ಕರಲ್ಲ, ಆ ನಗೆಗೆ ಎದುರಿನ ಬಟ್ಟೆ ಅಂಗಡಿಯವರು ಹೊರಗೆ ಬಂದು ನಿಂತರು. "ಈಗ ತಗೋರಿ ಸಾವಕಾರ್ರ. ಈಗ ನಾ ಕೊಡತೇನಿ."

ದೀಪಾವಳಿಗೆ ಮೊದಲೇ ಅಷ್ಟೂ ಖರ್ಚಾದವು. ಸಾಹುಕಾರರು ಮತ್ತೆ ಬೇಕೆಂದು ಹೇಳಿ ಕಳಿಸಿದರು, ಆದರೆ ಗೆರೆ ಇರಲೇಬೇಕಂತೆ. ಬರೀ ಕೆಂಪು ಪೆನ್ಸಿಲನ್ನು ಮಕ್ಕಳು ಮುಟ್ಟುತ್ತಿಲ್ಲವಂತೆ. ಕಾಕು ಬಿಳಿ ಬಣ್ಣ ತರಿಸಿದರು. "ವಿಭೂತಿ ಯಂತ್ರಕ್ಕಿರಲಿ, ಪೆನ್ಸಿಲ್ಲಿಗೆ ಬಣ್ಣ ಸಾಕು. ಎಲ್ಲಾ ಕೂಸುಗಳೂ ಬರೀತಾವು" ಅಂದರು. ಅಂದಿನಿಂದ ಮದುಮಗಳು ಕೆಂಪು ಉಡಿಸಿದ ಮೇಲೆ ನಾವು ಸಾಲಾಗಿ ಕೂತು ಮೂರು ಬೆರಳಿನಿಂದ ಗೆರೆ ಎಳೆಯುತ್ತಿದ್ದೆವು. ಒಬ್ಬೊಬ್ಬರ ಕೈ ಒಂದೊಂದು ತರಹ. ನನ್ನ ಗೆರೆ ಕೊನೆಗೆ ಸ್ವಲ್ಪ ಮೇಲಕ್ಕೇಳುತ್ತಿತ್ತು. ರಸ್ತೆಯಲ್ಲಿ ಯಾವುದೋ ಮಗುವಿನ ಕೈಯಲ್ಲಿ ನನ್ನ ಗೆರೆ ಕಂಡರೆ ಮನೆಯ ತನಕ ನಗುತ್ತ ಹೋಗುತ್ತಿದ್ದೆ. ಮೈದುನರು ಬೇರೆ ವಖಾರಿ ಹಿಡಿದರು. ಒಂದು ದಿನ ಬಂದು, ತಟ್ಟೆಯಿಂದ ಒಂದು ಪೆನ್ಸಿಲ್ ಎತ್ತಿ ಕಿವಿಗೆ ಸಿಕ್ಕಿಸಿಕೊಂಡು ಹೋದರು. ಕಾಕು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು.

ವಖಾರಿ ಭಾಳ ವರ್ಷ ನಡೆಯಿತು. ನನ್ನ ಮಕ್ಕಳು ಅತ್ತಿಯ ಕಿರುಚಾಟದಲ್ಲೇ ನಿದ್ದೆ ಮಾಡಿ ದೊಡ್ಡವರಾದರು. ಆಮೇಲೆ ಕಾಕಾ ಹೋದರು. ಕಾಕುವಿನ ಮೊಣಕಾಲು ಸೋತವು. ದೊಡ್ಡ ಕಾರ್ಖಾನೆಗಳ ಪೆನ್ಸಿಲ್ ಎಲ್ಲ ಅಂಗಡಿಯಲ್ಲೂ ತುಂಬಿದವು. ಯಂತ್ರಗಳು ಕೊನೆಗೂ ಗುಜರಿಗೆ ಹೋಗಲಿಲ್ಲ. ನಡೆಸುತ್ತೇನೆ ಎಂದು ಬಂದ ಹೊರ ಊರಿನ ಒಬ್ಬರಿಗೇ ಕೊಟ್ಟರು. ಲಾರಿ ಹೊರಡುವ ಮುಂಚೆ ಒಂದೊಂದಕ್ಕೂ ವಿಭೂತಿ ಹಚ್ಚಿ, "ಅತ್ತಿ, ಅಲ್ಲಿ ಹೋಗಿ ಭಾಳ ಚೀರಬ್ಯಾಡ" ಎಂದು ಹೇಳಿ ಕಳಿಸಿದರು. ಅದಾಗಿ ಸ್ವಲ್ಪ ವರ್ಷಕ್ಕೆ ಕಾಕು ಲಿಂಗೈಕ್ಯರಾದರು. ಅವರಿಲ್ಲದ ಓಣಿ ಎಷ್ಟು ಸಪ್ಪಳವಿಲ್ಲದೆ ಇತ್ತೆಂದರೆ... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಖಂಡೆ ಪೂಜೆಯ ಬೆಳಿಗ್ಗೆ ಮೊಮ್ಮಗಳ ಪುಸ್ತಕದ ಮೇಲೆ ಆ ಹೊಸ ಪೆನ್ಸಿಲ್ ಇಟ್ಟು, ವಿಭೂತಿ ತೇಯ್ದು ಮೂರು ಬೆರಳಿನಿಂದ ಎಳೆದೆ. ಈಗಿನ ಬಣ್ಣ ಗಾಜಿನಷ್ಟು ನುಣುಪು. ಒಣಗಿದ್ದೇ ತಡ, ಫ್ಯಾನಿನ ಗಾಳಿಗೆ ಅಷ್ಟೂ ಉದುರಿ ಹೋಯಿತು. ಮತ್ತೆ ಎಳೆದೆ, ಮತ್ತೆ ಉದುರಿತು. ಅಷ್ಟರಲ್ಲಿ ಮೊಮ್ಮಗಳು ಎರೆದುಕೊಂಡು, ಟವೆಲ್ ಸುತ್ತಿಕೊಂಡು, ಅಂಗಿ ಬೇಕೆಂದು ಕೂಗುತ್ತ ಬಂದಳು. ಅವಳನ್ನು ಎಳೆದು ಹಿಡಿದು, ಬೆರಳಲ್ಲಿ ಉಳಿದಿದ್ದ ವಿಭೂತಿಯನ್ನು ಆ ಹಸಿ ಹಣೆಗೆ ಹಚ್ಚಿದೆ.

"ಅಜ್ಜಿ, ಮೊದಲ ಅಂಗಿ ಕೊಡು."

"ಇಲ್ಲ ಹುಚ್ಚಿ, ಮೊದಲ ವಿಭೂತಿ" ಅಂದೆ. ಬಂದದ್ದು ಕಾಕುವಿನ ದನಿಯೇ, ಅಷ್ಟೇ ಗಟ್ಟಿಯಾಗಿ. ಗೆರೆ ಕೊನೆಗೆ ಸ್ವಲ್ಪ ಮೇಲಕ್ಕೆದ್ದಿತ್ತು. ಇದನ್ನು ಓಡಿ ಹೋಗಿ ಎದುರು ಮನೆಗೆ ಹೇಳಬೇಕು ಅನ್ನಿಸಿತು. ಎದುರು ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.