ಕರಿ ಕಂಬಳಿ ಹೊತ್ತು ಸೈಕಲ್ ಹೊಡೆದ ಶನಿವಾರ

ನಮ್ಮೂರಿಂದ ನಾ ಮಕ್ಕಳಿಗೆ ಖಿಚಡಿ ಬೇಯಿಸೋ ಶಾಳೆ ಆರು ಕಿಲೋಮೀಟರ್. ಮುರುಮ ಕಡೆ ಹೋಗೋ ರಸ್ತಾ ಅದು. ಕಬ್ಬಿನ ಹಂಗಾಮ ಬಂತಂದ್ರ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಓಡಾಡ್ತಾರ. ಹಿಂದಿನ ಟ್ರಾಲಿ ಯಾವ ಕಡೆ ಹೊರಳ್ತದ ಅಂಬೋದು ನಡೆಸಾಂವಗೂ ಗೊತ್ತಿರಲ್ಲ. ಆ ರಸ್ತಾದ ಮ್ಯಾಲ ನಾ ನಾಲ್ಕು ವರ್ಷದಿಂದ ಸೈಕಲ್ ಹೊಡಿತೀನಿ.

"ಈ ವಯಸ್ಸಿನ್ಯಾಗ ಸೀರಿ ಉಟ್ಕೊಂಡು ಸೈಕಲ್ಲೇನವ್ವಾ?" ಅಂತ ಕೇಳೋರಿಗೆ ಊರಾಗ ಕಮ್ಮಿ ಇಲ್ಲ. ಹೌದ್ರೀ, ಸೈಕಲ್ಲೇ. ಟಮಟಮ್ ಆಟೋ ಮಂದಿ ತುಂಬಾತನಕ ಬಿಡಲ್ಲ, ಅದು ತುಂಬೋದ್ರಾಗ ನನ್ನ ಅಕ್ಕಿ ಕುದ್ದಿರಬೇಕು. ನಡೆದು ಹೋದ್ರ ಮೊಣಕಾಲು ಹಿಡಿತಾವ, ಸೈಕಲ್ ಮ್ಯಾಲ ಅವೇ ಮೊಣಕಾಲು ಸುಮ್ಮನಿರ್ತಾವ. ಇನ್ನೊಂದು ಖರೇ ಮಾತು ಹೇಳ್ತೀನಿ, ಆ ಅರ್ಧ ತಾಸು ನನ್ನ ಯಾರೂ ಕರೆಯಲ್ಲ. ಎಮ್ಮಿ ಇಲ್ಲ, ಒಲಿ ಇಲ್ಲ, "ಎಲ್ಲಿಟ್ಟೀಯೇ?" ಅನ್ನೋ ಗಂಡ ಇಲ್ಲ. ಅಷ್ಟಕ್ಕ ನಾ ಎಷ್ಟು ಧೂಳ ಬೇಕಾದ್ರೂ ತಿಂತೀನಿ. ಅಂಜಿಕಿ ಇರಲಿಲ್ಲ ಅಂದ್ರ ಸುಳ್ಳಾಗ್ತದ. ಟ್ರಾಲಿ ಸಪ್ಪಳ ಕೇಳಿದ ಕೂಡಲೇ ಇಳಿದು ಬದಿಗೆ ನಿಲ್ತಿದ್ದೆ. ಇಳಿದ್ರ ಮಾನ ಏನು ಹೋಗಲ್ಲ.

ತ್ರಾಸ ಇದ್ದದ್ದು ಶನಿವಾರದ್ದು. ಅವತ್ತು ಮುಂಜಾನಿ ಶಾಳೆ, ಮಕ್ಕಳು ಏಳೂವರಿಗೇ ಬಂದು ಕೂಡ್ತಾವ. ಥಂಡಿ ದಿನದಾಗ ಕತ್ತಲಿದ್ದಾಗಲೇ ಮನಿ ಬಿಡಬೇಕು.

ನಾವು ಕುರಿ ಸಾಕೋ ಮಂದಿ, ಬೀರಪ್ಪನ ಒಕ್ಕಲು. ನಮ್ಮಲ್ಲಿ ಕಂಬಳಿ ಅಂದ್ರ ಬರೀ ಹೊದಿಯಾಕ ಅಲ್ಲ. ಹಾಸಿದ್ರ ದೇವರ ಗದ್ದಿಗಿ, ಹೊತ್ತರ ಕಾವಲು. ಹ್ವಾದ ವರ್ಷ ಥಂಡಿ ಶುರುವಾದಾಗ ನನ್ನ ಮಾವ ತಮ್ಮ ಕರಿ ಕಂಬಳಿ ತಂದು ಕೊಟ್ರು. "ಇದನ್ನ ಹೊತ್ತು ಹೋಗವ್ವಾ. ಬೀರಪ್ಪ ಬೆನ್ನಿಗಿರ್ತಾನ, ಯಾವ ಗಾಡಿನೂ ನಿನ್ನ ಮುಟ್ಟಲ್ಲ" ಅಂದ್ರು. ನನಗೂ ಧೈರ್ಯ ಬಂತು. ಬಂದದ್ದೇ ತಪ್ಪಾಯ್ತು ನೋಡ್ರಿ. ಆ ಶನಿವಾರ ಕತ್ತಲಾಗ ಟ್ರಾಲಿ ಸಪ್ಪಳ ಕೇಳಿದ್ರೂ ನಾ ಇಳಿಲಿಲ್ಲ.

ಎದುರು ಬಂದ ಟ್ರ್ಯಾಕ್ಟರಿಗೆ ಒಂದೇ ಲೈಟು, ಅದೂ ಮಿಣಿಮಿಣಿ. ಸೀದಾ ನನ್ನ ಮ್ಯಾಲೇ ಬಂತು. "ಯಪ್ಪಾ ಬೀರಪ್ಪಾ!" ಅಂತ ಚೀರಿ ಸೈಕಲ್ ತೆಗ್ಗಿಗೆ ಇಳಿಸಿದೆ. ಮುಂದಿನ ಗಾಲಿ ಡೊಂಕಾಯ್ತು, ಮೊಣಕೈ ತರಚಿತು. ನಡೆಸಾಂವ ಇಳಿದು ಓಡಿ ಬಂದ. "ಮಾವಶೀ, ದಿಸಲಾತಚ ನಾಹೀ!" ಅಂದ. ಕಾಣಲೇ ಇಲ್ಲಂತ. ಕತ್ತಲಾಗ ಕರಿ ಕಂಬಳಿ ಹೊತ್ತು ಬಂದ್ರ ಹ್ಯಾಂಗ ಕಾಣಬೇಕು ಅಂತ ನನಗೇ ಕೇಳಿದ. ಬೈಬೇಕಂತ ಬಾಯಿ ತೆರೆದಿದ್ದೆ, ಆದ್ರ ಅಂವ ಹೇಳಿದ್ದು ಖರೇ ಇತ್ತು.

ಮನ್ಯಾಗ ಗಂಡ ಒಂದೇ ಮಾತು ಹಿಡಿದ. "ಸಾಕು ಮಾಡು, ಸೈಕಲ್ ಮಾರಿ ಬಿಡ್ತೀನಿ." "ನೆಗಡಿ ಬಂತಂತ ಮೂಗು ಕೊಯ್ಕೋತಾರೇನು?" ಅಂದೆ. ಸೈಕಲ್ ಹೋದ್ರ ಕೆಲಸ ಹೋದಂಗ, ಬ್ಯಾರೆಯಾಕಿನ್ನ ತಗೋತಾರ. ಆ ಮನ್ಯಾಗ ನನ್ನದು ಅಂತ ಇದ್ದದ್ದು ಆ ಕೆಲಸ ಒಂದೇ. ಹ್ಯಾಂಗ ಬಿದ್ದಿ ಅಂತ ಮಾವ ಕೇಳಿದಾಗ ನಾಯಿ ಅಡ್ಡ ಬಂತು ಅಂದಿದ್ರ ಮುಗೀತಿತ್ತು. ನನ್ನ ಬಾಯಿಗೆ ಅದು ಬರಲಿಲ್ಲ. "ಕಂಬಳಿ ಕರಿದು, ಕಾಣಲಿಲ್ಲಂತರೀ" ಅಂತ ಮಾವಗ ಹೇಳಿಬಿಟ್ಟೆ.

"ದೇವರ ಕಂಬಳಿಗೆ ಹೆಸರಿಡ್ತೀಯೇನು?" ಅಂತ ಎದ್ದು ಹೋದ್ರು. ವಾರ ಪೂರಾ ನನ್ನ ಕೂಡ ಮಾತಿಲ್ಲ. ಸೈಕಲ್ ಹೊಡೀಲೇನು ಬಿಡಲೇನು ಅಂತ ಗಂಡನ್ನ ಕೇಳಿದ್ರ "ಅಪ್ಪ ಹೆಂಗಂತಾನೋ ಹಂಗ" ಅಂತ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟ.

ಮತ್ತ ಶನಿವಾರ ಬಂತು. ಗಾಲಿ ರಿಪೇರಿ ಮಾಡಿಸಿದ್ದೆ. ಸೈಕಲ್ ಹೊರಗ ತಗಿಯೋದ್ರಾಗ ಮಾವ ಅಂಗಳದಾಗ ನಿಂತಿದ್ರು.

"ಕಂಬಳಿ ಹೊತ್ಕೋ. ನಾ ಮುಂದ ಹೋಗಿ ರಸ್ತಾದಾಗ ನಿಲ್ತೀನಿ. ನೀ ಕಂಡ ಕೂಡಲೇ 'ಹೋ' ಅಂತೀನಿ. ಕಂಡ್ರ ಆ ಟ್ರ್ಯಾಕ್ಟರಿನಾಂವ ಸುಳ್ಳ."

ಗುಡ್ಡದ ಮ್ಯಾಲಿನ ಕುರಿ ಇಲ್ಲಿಂದ ಎಣಿಸೋ ಕಣ್ಣು ಅವರದು. ಅವರು ಹೋಗಿ ನಿಂತಮ್ಯಾಲ ನಾ ಹೊರಟೆ. ಬೇವಿನ ಗಿಡ ದಾಟಿದೆ, "ಹೋ" ಇಲ್ಲ. ಮೋರಿ ದಾಟಿದೆ, ಇಲ್ಲ. ಆ ಕತ್ತಲಾಗೂ ಅವರ ಬಿಳಿ ಧೋತರ ನನಗ ದೂರದಿಂದಲೇ ಕಾಣ್ತಿತ್ತು. ಅವರು ನನ್ನ ಕಡೇನೇ ಮುಖ ಮಾಡಿ ನಿಂತಿದ್ರು. ಬೇಕಂತಲೇ ಗಂಟಿ ಬಾರಿಸಲಿಲ್ಲ. ಅವರ ಕಾಲ ಹತ್ರ ಬ್ರೇಕ್ ಹಿಡಿದಾಗ ಹೌಹಾರಿ ಹಿಂದ ಸರಿದ್ರು.

ಅಲ್ಲೇ ರಸ್ತಾದ ಬದಿಗೆ ಕುಂತು ಬಿಟ್ರು. "ನಾನೇ ನಿನ್ನ ಸಾಯಾಕ ಕಳಿಸಿದ್ನಲ್ಲವ್ವಾ" ಅಂದ್ರು. ಸೊಸಿ ಮುಂದ ಅವರು ಅತ್ತದ್ದು ಅದೇ ಮೊದಲು. ನನಗೂ ತಡಕೊಳ್ಳಾಕ ಆಗಲಿಲ್ಲ.

ಹೊತ್ತಾಗ್ತಿತ್ತು. ಮಾವ ಎದ್ದು ಕಂಬಳಿ ಇಸ್ಕೊಂಡು ಕಣ್ಣಿಗೊತ್ತಿ ತಮ್ಮ ಹೆಗಲಿಗೆ ಹಾಕ್ಕೊಂಡ್ರು. ಆಮ್ಯಾಲ ತಲಿ ಮ್ಯಾಲಿನ ಬಿಳಿ ಪಟಗಾ ಬಿಚ್ಚಿ ನನ್ನ ಕೈಗೆ ಕೊಟ್ರು. ನಮ್ಮ ಹಿರಿಯರು ಪಟಗಾ ಇಲ್ದ ಹೊಸ್ತಲ ದಾಟಲ್ಲ. ಮನ್ಯಾಗ ಸಾವಾದ್ರ ಮಾತು ಬ್ಯಾರೆ. ನಾ ಬ್ಯಾಡ್ರೀ ಅಂದೆ.

"ಸುತ್ಕೋ. ಜಲ್ದಿ ಹೋಗು, ಕೂಸುಗೋಳು ಹಸಿದಿರ್ತಾವ. ಟ್ರಾಲಿ ಬಂದ್ರ ಇಳಿ."

ಸೊಂಟದಿಂದ ಹೆಗಲತನಕ ಸುತ್ತಿಕೊಂಡು ಹೊರಟೆ. ಒಂದು ಹೊಲದಷ್ಟು ದೂರ ಹೋಗಿ ಇಳಿದು ಹೊರಳಿ ನೋಡಿದೆ. ಬೆಳಕು ಹರಿತಿತ್ತು, ಡೇರಿಗೆ ಹಾಲು ಹಾಕೋ ಮಂದಿ ಎದುರು ಬರ್ತಿದ್ರು. ಅವರೆಲ್ಲರ ಕಣ್ಣ ಮುಂದ ನನ್ನ ಮಾವ ಬರೀ ತಲಿಯಲ್ಲೇ ಊರ ಕಡೆ ನಡೆದಿದ್ರು.