ಫರ್ಸಿ ಎತ್ತುವ ಜೋಡಿ

ಶಹಾಬಾದಿನಲ್ಲಿ ನೆಲಹಾಸಿನ ಫರ್ಸಿ ಕಲ್ಲು ಮಾರುವ ಅಂಗಳದೆದುರು ಬಸ್ಸಿಗೆ ಕಾಯುತ್ತಾ ಮೊಬೈಲಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದೆ. ತಾರೆಯರೇ ತುಂಬಿದ ರಾಷ್ಟ್ರೀಯ ತಂಡವೊಂದು ಪುಟ್ಟ ದೇಶದೆದುರು ಸೋಲುತ್ತಿತ್ತು.

"ಇಷ್ಟು ದೊಡ್ಡ ಆಟಗಾರರು ಯಾಕ ಸೋಲಾಕತ್ತಾರ್ರಿ?" ಕಲ್ಲು ಹೊರುವ ಭೀಮವ್ವ ಇಣುಕಿ ಕೇಳಿದಳು.

"ಒಟ್ಟಿಗೆ ಆಡಿದ್ದು ಕಡಿಮೆ. ಎದುರಿನವರು ವರ್ಷಗಟ್ಟಲೆ ಜೊತೆಗೇ ಆಡಿದವರು."

"ಹಂಗಾದ್ರ ಸೋಲೂದ ಬಿಡ್ರಿ. ಹೆಜ್ಜಿ ಕೂಡದಿದ್ರ ನಮ್ಮ ಕಲ್ಲೂ ಒಡೀತೈತಿ."

ಅಷ್ಟರಲ್ಲಿ ಮಾಲೀಕ ಕೂಗಿದ. "ಭೀಮವ್ವಾ, ಜ್ವರದಾಗ ನಿನ್ನ ಗಂಡ ಭಾಳ ಸೊರಗ್ಯಾನ. ಅವನ್ನ ಬಿಡಿಸಿ ಗಟ್ಟಿ ಆಳು ಕೊಡ್ತೀನಿ."

"ಬ್ಯಾಡ್ರಿ ಸಾವ್ಕಾರ್ರ, ಎಂಥಾ ಪೈಲ್ವಾನಗೂ ನನ್ನ ಹೆಜ್ಜಿ ಗೊತ್ತಿರಂಗಿಲ್ಲ. ಒಂದ್ಸಲ ನಾವ ಎತ್ತತೀವಿ, ಕಲ್ಲು ಒಡದ್ರ ಅವನ್ನ ಬಿಡಸ್ರಿ."

ಗಂಡ ಹೆಂಡತಿ ಚಪ್ಪಡಿಯ ಎರಡು ತುದಿ ಹಿಡಿದು ಎತ್ತಿದರು. ಹಿಂದಿದ್ದ ಅವನ ಮೊಣಕಾಲು ನಡುಗಿತು. ಮುಂದಿದ್ದವಳಿಗೆ ಅದು ಕಲ್ಲಿನ ಅಲುಗಾಟದಲ್ಲೇ ತಿಳಿದಿರಬೇಕು. ತಿರುಗಿ ನೋಡದೆ ಹೆಜ್ಜೆ ಗಿಡ್ಡ ಮಾಡಿದಳು. ಫರ್ಸಿ ಸದ್ದಿಲ್ಲದೆ ಲಾರಿ ಸೇರಿತು.

"ಮೊದ್ಲ ಚಾ ಕುಡೀರಿ, ಇಬ್ರೂ. ಉಳಿದ ಕಲ್ಲು ಆಮ್ಯಾಲ ಎತ್ತೀರಂತ," ಎಂದ ಮಾಲೀಕ.