ಸೀಟಕ್ಕ ಗಾಡಿ ಆರಿಸಿದ್ದು

ನನ್ನ ಸೋದರತ್ತೆಯನ್ನು ಊರಿನವರು ಸೀಟಕ್ಕ ಎನ್ನುತ್ತಾರೆ. ಬಸ್ಸು, ಲಾರಿ, ಕಾರು, ಯಾವುದರ ಸೀಟು ಹರಿದರೂ ಅದು ಬಂದು ಬೀಳುವುದು ಅತ್ತೆಯ ಅಂಗಡಿಗೇ. ತಗಡಿನ ಮಾಡಿನ ಕೆಳಗೆ ದೊಡ್ಡದೊಂದು ಹೊಲಿಗೆ ಯಂತ್ರ, ಸ್ಪಂಜಿನ ಹಾಳೆಗಳು, ರೆಕ್ಸಿನ್ ಸುರುಳಿಗಳು, ಗಾಡಿಯಿಂದ ಕಳಚಿ ಬಂದು ಸಾಲಾಗಿ ಕುಳಿತ ಸೀಟುಗಳು. ಬಂದ ಗಿರಾಕಿ ಅವುಗಳಲ್ಲೇ ಒಂದರ ಮೇಲೆ ಕೂರುತ್ತಾನೆ. ಅವನು ಎದ್ದುಹೋದ ಮೇಲೆ ಸೀಟಿನಲ್ಲಿ ಉಳಿದ ತಗ್ಗಿನ ಮೇಲೆ ಅಂಗೈ ಆಡಿಸಿ ಅತ್ತೆ ಹೇಳುತ್ತಾರೆ: "ಪಾಪ, ಬಲಗಡೆ ಸೊಂಟ ನೋವಿದೆ ಇವನಿಗೆ."

ಮಾವ ಬೆಟ್ಟದ ತುದಿಯ ಮೊಬೈಲ್ ಟವರ್ ನೋಡಿಕೊಳ್ಳುತ್ತಿದ್ದವರು. ರಸ್ತೆ ಎಂಬುದಿಲ್ಲದ ಬೆಟ್ಟ. ಹಳ್ಳ ದಾಟಿ, ಬಂಡೆಗಳ ಮೇಲೆ ಜೀಪು ಹತ್ತಿಸಿ ತುದಿ ಮುಟ್ಟಬೇಕು. ಒಂದು ದಿನ ಟವರಿನ ಏಣಿಯಿಂದ ಬಿದ್ದರು. ಎಡಗಾಲು ಕೊರಡಿನಂತೆ ನೆಟ್ಟಗೆ ನಿಂತುಬಿಟ್ಟಿತು. ಮೊಣಕಾಲು ಮಡಿಸಲು ಬರುವುದಿಲ್ಲ. ಸೊಂಟವಂತೂ ಸಣ್ಣ ಕುಲುಕಾಟವನ್ನೂ ತಡೆಯದು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅವರು ಬೆಟ್ಟ ನೋಡತೊಡಗಿದರು. ಹಳೆಯ ಗೆಳೆಯರು ಒಮ್ಮೆ ಜೀಪಿನಲ್ಲಿ ಮೇಲಕ್ಕೆ ಕರೆದೊಯ್ಯಲು ನೋಡಿದರು. ಹಳ್ಳದವರೆಗೂ ಹೋಗಲಾಗಲಿಲ್ಲ. ಎತ್ತಿಕೊಂಡು ತಂದು ಮಂಚದ ಮೇಲೆ ಮಲಗಿಸಿದರು. ಮಾವ ಅಳಲಿಲ್ಲ, ಬಯ್ಯಲಿಲ್ಲ. ಮರುದಿನ ಕಿಟಕಿಯ ಪರದೆ ಎಳೆದುಬಿಟ್ಟರು. ಆಮೇಲೆ ಮಾತು ಕಡಿಮೆಯಾಯಿತು, ಊಟ ತಟ್ಟೆಯಲ್ಲೇ ಉಳಿಯತೊಡಗಿತು.

ಆ ಪರದೆಯನ್ನು ನೋಡಿ ನೋಡಿ ಅತ್ತೆಗೆ ತಡೆಯದಾಯಿತು. ಒಂದು ಬೆಳಿಗ್ಗೆ ಯಂತ್ರ ನಿಲ್ಲಿಸಿ ನನ್ನತ್ತ ತಿರುಗಿದರು.

"ಬೆಟ್ಟಕ್ಕೂ ಹತ್ತಬೇಕು, ಒಳಗೆ ಕೂತವರ ಮೈ ಅಲ್ಲಾಡಬಾರದು. ಅಂಥ ಗಾಡಿ ಇದ್ಯೇನೇ?"

"ಇದೆ ಅತ್ತೆ. ದೊಡ್ಡೋರು ಓಡಿಸೋ ಫೋರ್ ವೀಲ್ ಡ್ರೈವ್ ಗಾಡಿಗಳು."

"ದೊಡ್ಡೋರು ಓಡಿಸಿ ಬಿಟ್ಟಿದ್ದು ಸಾಕು ನಮಗೆ."

ಹೀಗೆ ಶುರುವಾಯಿತು. ಓಡಿಸಲು ಮಾವನ ಗೆಳೆಯರಲ್ಲಿ ಯಾರಾದರೊಬ್ಬರು ಬಂದಾರು ಎಂಬುದು ಅತ್ತೆಯ ಲೆಕ್ಕ. ಮೊದಲು ಮಾವನ ಅಳತೆ ತೆಗೆದರು. ಮಂಚದ ಮೇಲೆ ಮಲಗಿಸಿ, ಟೇಪು ಹಿಡಿದು, ಹಿಮ್ಮಡಿಯಿಂದ ಸೊಂಟ, ಸೊಂಟದಿಂದ ಭುಜ. ಹಿಂದಿನ ಸೀಟನ್ನು ಹಾಸಿಗೆಯಾಗಿ ಹೊಲಿದು, ಅದರ ಮೇಲೆ ಮಾವನನ್ನು ಅಡ್ಡ ಮಲಗಿಸಿ ಕರೆದೊಯ್ಯುವುದೆಂದು ಅವರ ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿತ್ತು.

"ಏನೇ, ಮೂಟೆ ಅಳೆದ ಹಾಗೆ ಅಳೀತಿದ್ದೀಯಲ್ಲ" ಎಂದರು ಮಾವ.

"ಮೂಟೆ ಆಗಿದ್ರೆ ಚೆನ್ನಾಗಿತ್ತು ರೀ. ಬಾಯಾದ್ರೂ ಮುಚ್ಕೊಂಡಿರ್ತಿತ್ತು."

ಮಾವನ ತುಟಿ ಸ್ವಲ್ಪ ಅರಳಿತು. ಅಷ್ಟೇ.

ಪಕ್ಕದ ಪಟ್ಟಣದಲ್ಲಿ ಹಳೆಯ ಗಾಡಿ ಮಾರುವವನೊಬ್ಬನಿದ್ದ. ಅರಳು ಹುರಿದಂತೆ ಮಾತು. ಎಲ್ಲರೂ ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಅವನ ಅಂಗಳದ ಹಿಂದೆ ಕಲ್ಲು ತೆಗೆದು ಬಿಟ್ಟ ಕ್ವಾರಿ. ಕೊಳ್ಳುವವರಿಗೆ ಗಾಡಿಯ ತಾಕತ್ತು ತೋರಿಸುವುದು ಅಲ್ಲೇ. ಬಾಡಿಗೆ ಕಾರಿನಲ್ಲಿ, ಆಮೆಗಿಂತ ನಿಧಾನವಾಗಿ, ಡಾಂಬರು ರಸ್ತೆಯಲ್ಲಿ ಮಾವನನ್ನೂ ಕರೆದುಕೊಂಡು ಹೋದೆವು.

ಅಂಗಳದಲ್ಲಿ ಮೂರು ಗಾಡಿಗಳು ನಿಂತಿದ್ದವು. ಮೊದಲನೆಯದು ಕಪ್ಪು, ಕನ್ನಡಿಯಂತೆ ಹೊಳೆಯುತ್ತಿತ್ತು. ಅತ್ತೆ ಬಾನೆಟ್ಟಿನತ್ತ ನೋಡಲೇ ಇಲ್ಲ. ಬಾಗಿಲು ತೆರೆದು ಮಂಡಿಯೂರಿ, ಸೀಟಿನ ತಳಕ್ಕೆ ಕೈ ತೂರಿಸಿ, ಹೊಲಿಗೆಯ ಸಂದಿಯನ್ನು ಉಗುರಿನಿಂದ ಕೆರೆದರು. ಉಗುರಿನಲ್ಲಿ ನುಣ್ಣನೆಯ ಕೆಸರಿನ ಪುಡಿ ಬಂತು.

"ಇದು ನೀರಲ್ಲಿ ಮುಳುಗೆದ್ದ ಗಾಡಿ."

"ಅಯ್ಯೋ ಅಕ್ಕ, ತೊಳೆಯೋವಾಗ ಸ್ವಲ್ಪ..."

"ತೊಳೆಯೋಕೆ ನದಿಗೇ ಇಳಿಸಿದ್ರೇನಪ್ಪ?"

ಮಾತಿನಮಲ್ಲ ತಲೆ ಕೆರೆದುಕೊಂಡು ನಕ್ಕ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

ಎರಡನೆಯದು ಬಿಳಿಯದು. ಕೆನೆ ಬಣ್ಣದ ಚರ್ಮದ ಸೀಟುಗಳು. ಅವನು ಒಂದು ಗುಂಡಿ ಒತ್ತಿದ. ಉಸಿರು ಬಿಟ್ಟಂಥ ಸದ್ದು. ಇಡೀ ಗಾಡಿ, ಮಲಗಿದ್ದ ಆನೆ ಏಳುವಂತೆ, ನಿಧಾನವಾಗಿ ನೆಲದಿಂದ ಮೇಲೆದ್ದಿತು.

"ಸ್ಪ್ರಿಂಗಿನ ಬದಲು ರಬ್ಬರ್ ಚೀಲ, ಒಳಗೆ ಗಾಳಿ" ಎಂದ ಅವನು. "ಗಾಡಿ ಅಲ್ಲ ಅಕ್ಕ ಇದು, ಅರಮನೆ. ಚಕ್ರ ಹಾಕಿದ್ದಾರೆ ಅಷ್ಟೇ."

ಎಲ್ಲರೂ ಓಡಿಸಿ ನೋಡುತ್ತಾರೆ. ಅತ್ತೆ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿದರು. ಎಡಗಾಲನ್ನು ಮಾವನಂತೆಯೇ ನೆಟ್ಟಗೆ ಚಾಚಿ, ಕಣ್ಣು ಮುಚ್ಚಿ, "ಈಗ ಕಲ್ಲಿನ ಮೇಲೆ ಬಿಡು" ಎಂದರು. ಗಾಡಿ ಕ್ವಾರಿಯನ್ನು ಒಂದು ಸುತ್ತು ಹಾಕಿತು. ಇಳಿದಾಗ ಅವರ ಮುಖದಲ್ಲಿ ಬೆಳಕಿತ್ತು. ಕೈಚೀಲದಿಂದ ಸೀಮೆಸುಣ್ಣ ತೆಗೆದು, ಮಾವನ ಸೊಂಟ ಬರುವ ಜಾಗಕ್ಕೆ ಕೆನೆ ಬಣ್ಣದ ಚರ್ಮದ ಮೇಲೆ ಗೆರೆ ಎಳೆದೇಬಿಟ್ಟರು.

"ಅಕ್ಕ! ಇನ್ನೂ ನಿಮ್ದಾಗಿಲ್ಲ!"

"ಆಗುತ್ತೆ ಬಿಡು. ರೀ, ಮಲಗಿ ನೋಡಿ."

ಮಾವನನ್ನು ಮಲಗಿಸಿದೆವು. ಗಾಡಿ ಹೊರಟಿತು. ಮೊದಲ ಬಂಡೆ ಏರಿ ಇಳಿಯುವಷ್ಟರಲ್ಲಿ ಒಳಗಿನಿಂದ ಸಣ್ಣದೊಂದು ನರಳಿಕೆ ಕೇಳಿಸಿತು. ಮಾತಿನಮಲ್ಲ ಗಾಡಿ ನಿಲ್ಲಿಸಿದ. ಮಾವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ಅತ್ತೆಯ ಮುಖದ ಬೆಳಕು ದೀಪ ಆರಿದಂತೆ ಹೋಯಿತು.

"ಇದಕ್ಕಿಂತ ಮೆತ್ತಗಿರೋ ಗಾಡಿ ಇಲ್ವೇನಪ್ಪ?"

"ಇಲ್ಲ ಅಕ್ಕ" ಎಂದ ಮಾತಿನಮಲ್ಲ.

ಅತ್ತೆ ಸೀಮೆಸುಣ್ಣದ ಗೆರೆಯನ್ನು ಸೆರಗಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು.

ಮಾವ ಊರುಗೋಲಿನ ಮೇಲೆ ಒರಗಿ ನಿಂತು ಮೂರನೆಯ ಗಾಡಿಯನ್ನು ನೋಡುತ್ತಿದ್ದರು. ಹಸಿರು ಬಣ್ಣದ ಹಳೆಯ ಗಾಡಿ, ಪೆಟ್ಟಿಗೆಯಂಥ ಮೈ. ಅದಕ್ಕೂ ಗಾಳಿಯ ಚೀಲಗಳೇ, ಆದರೆ ಸೀಟು ಗಟ್ಟಿ. ಅತ್ತೆ ಅದನ್ನು ಬೆರಳಿನಿಂದ ಒತ್ತಿ ನೋಡಿ ಆಗಲೇ ಬೇಡವೆಂದಿದ್ದರು. ಮಾವ ಚಾಲಕನ ಬಾಗಿಲು ತೆರೆದು ಒಳಗೆ ಬಗ್ಗಿದರು.

"ಕ್ಲಚ್ ಎಲ್ಲಿ?"

"ಇದಕ್ಕೆ ಕ್ಲಚ್ ಇಲ್ಲ ಅಣ್ಣ. ಗೇರು ತಾನೇ ಬೀಳುತ್ತೆ. ಎರಡೇ ಪೆಡಲು, ಎರಡಕ್ಕೂ ಬಲಗಾಲೇ."

ಮಾವ ಬಹಳ ಹೊತ್ತು ಆ ಎರಡು ಪೆಡಲುಗಳನ್ನು ನೋಡಿದರು. ಸೀಟನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದರು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟರು. ಕಾಲು ನೆಟ್ಟಗೆ ಹಿಡಿಸಿತು.

"ಎಲ್ಲಾದ್ರೂ ಉಂಟಾ!" ಎಂದು ಓಡಿಬಂದರು ಅತ್ತೆ. "ಮಲಗಿದ್ರೇ ಆಗ್ಲಿಲ್ಲ, ಕೂತು ಆಗುತ್ತಾ? ಇಳೀರಿ ರೀ."

"ಹಿಂದೆ ಮಲಗಿದ್ರೆ ಗುಂಡಿ ಬಂದ್ಮೇಲೆ ಗೊತ್ತಾಗುತ್ತೆ ಕಣೇ" ಎಂದರು ಮಾವ. "ಸ್ಟಿಯರಿಂಗ್ ಕೈಲಿದ್ರೆ ಬರೋಕೆ ಮುಂಚೆನೇ ಮೈಗೆ ಗೊತ್ತಾಗುತ್ತೆ. ನೀನು ಹತ್ತು."

ಎಷ್ಟೋ ತಿಂಗಳಿಂದ ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ. ಅತ್ತೆ ಬಾಯಿ ಮುಚ್ಚಿಕೊಂಡು ಹತ್ತಿದರು. ನಾನು ಹಿಂದೆ ಕುಳಿತೆ. ಮಾತಿನಮಲ್ಲ ನನ್ನ ಪಕ್ಕದಲ್ಲಿ ಕುಳಿತು ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಗಾಡಿ ಇರುವೆಯಂತೆ ಹೊರಟಿತು. ಮೊದಲ ಬಂಡೆಯ ಮುಂದೆ ಒಂದು ಕ್ಷಣ ನಿಂತು ಮುಂದಿನ ಚಕ್ರವನ್ನು ಅದರ ಮೇಲಿಟ್ಟಿತು, ಮಲಗಿದ ಮಗುವಿನ ಪಕ್ಕ ಹೆಜ್ಜೆ ಇಡುವವರಂತೆ. ಗುಂಡಿ ಬರುವ ಮೊದಲೇ ಮಾವನ ಬೆನ್ನು ಬಿಗಿಯಾಗುತ್ತಿತ್ತು, ದಾಟುವ ಮೊದಲೇ ಸಡಿಲಾಗುತ್ತಿತ್ತು. ದಿಬ್ಬದ ಅಂಚಿನಲ್ಲಿ ಗಾಡಿ ಓರೆಯಾಯಿತು. ನನ್ನ ಕಿಟಕಿಯ ಕೆಳಗೆ ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನೇತಾಡುತ್ತಿತ್ತು. ಉಳಿದ ಮೂರು ಆ ಭಾರವನ್ನೆಲ್ಲ ಹೊತ್ತು ಮೇಲಕ್ಕೆ ಹೋದವು. ನಾನು ಕನ್ನಡಿಯಲ್ಲಿ ಮಾವನ ಮುಖ ನೋಡಿದೆ. ಎಷ್ಟೋ ಸಲ ನೋಡಿದ ಮುಖ. ಆದರೂ ಯಾರೋ ದೂರದಿಂದ ಬಂದು ಅಲ್ಲಿ ಕುಳಿತಂತಿತ್ತು.

ದಿಬ್ಬದ ಮೇಲೆ ನಿಂತಾಗ ಅತ್ತೆ ಕೇಳಿದರು. "ನೋವು?"

"ಇದೆ" ಎಂದರು ಮಾವ. "ತಡೆಯೋ ಹಾಗಿದೆ."

ಅತ್ತೆ ಹಿಂದಕ್ಕೆ ತಿರುಗಿ, "ಇದೇ ಇರ್ಲಿ" ಎಂದರು.

ಮಾವ ಲೈಸೆನ್ಸಿಗೆ ಹೊಸದಾಗಿ ಪರೀಕ್ಷೆ ಕೊಟ್ಟರು. ಅಷ್ಟರಲ್ಲಿ ಅತ್ತೆ ಚಾಲಕನ ಸೀಟು ಬಿಚ್ಚಿ ಮತ್ತೆ ಹೊಲಿದರು. ಈ ಸಲ ಟೇಪು ಮುಟ್ಟಲಿಲ್ಲ. ದಿನವೂ ಮಾವನನ್ನೇ ಕೂರಿಸಿ, ಎಬ್ಬಿಸಿ, ತಗ್ಗು ನೋಡಿ, ಸ್ಪಂಜು ಕೊರೆದು, ಮತ್ತೆ ಕೂರಿಸಿ. "ಮದುವೆಗೂ ಇಷ್ಟು ಸಲ ಕೂರ್ಸಿ ಎಬ್ಬಿಸಿರ್ಲಿಲ್ಲ" ಎಂದು ಮಾವ ಗೊಣಗಿದರು. ತಟ್ಟೆಯಲ್ಲಿ ಊಟ ಉಳಿಯುವುದು ನಿಂತಿತ್ತು.

ನಾವು ಮೂವರೂ ಬೆಟ್ಟಕ್ಕೆ ಹೊರಟ ದಿನ ಹಳ್ಳದ ನೀರು ಬಾಗಿಲ ಕೆಳಗೆ ಸವರಿಕೊಂಡು ಹೋಯಿತು. ಬಂಡೆಗಳನ್ನು ಮಾವ ಹಳೆಯ ನೆಂಟರಂತೆ ಗುರುತಿಸಿದರು. "ಇವನು ಬಲಕ್ಕೆ ತಳ್ತಾನೆ. ಇವಳು ಒಳ್ಳೆಯವಳು." ಆದರೆ ತುದಿಯ ಕೆಳಗಿನ ಕೊನೆಯ ಮೆಟ್ಟಿಲುಬಂಡೆಯ ಹತ್ತಿರ ಗಾಡಿ ನಿಲ್ಲಿಸಿದರು. ಮೂತಿ ಆಕಾಶ ನೋಡುತ್ತಿತ್ತು. ಮುಂದಿನ ನೆಲ ಕಾಣುತ್ತಿರಲಿಲ್ಲ. ಮೊದಲೆಲ್ಲ ಇಲ್ಲಿ ಇಳಿದು, ನೋಡಿ, ಹತ್ತಿಸುತ್ತಿದ್ದರಂತೆ. ಈಗ ಈ ಇಳಿಜಾರಿನಲ್ಲಿ ಇಳಿಯುವುದು ಅವರಿಂದಾಗದು.

"ಸಾಕು ರೀ" ಎಂದರು ಅತ್ತೆ. "ಇಷ್ಟು ಬಂದ್ವಲ್ಲ."

ಮಾವನ ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇದ್ದವು. ಅತ್ತೆ ಆ ಕೈಗಳನ್ನು ನೋಡಿದರು. ಬಾಗಿಲು ತೆರೆದು ಇಳಿದರು. ನಾನೂ ಅವರ ಹಿಂದೆ ಬಂಡೆ ಹತ್ತಿದೆ.

ಅತ್ತೆ ಗಾಡಿಗೆ ಎದುರಾಗಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಎತ್ತಿದರು. ಈ ಕೆಲಸವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಟ್ಟೆಯ ಅಂಚನ್ನು ಸೂಜಿಯ ಕೆಳಗೆ ತಿರುಗಿಸುವಂತೆ ಬಲಗೈ ಕೊಂಚ ತಿರುಗಿತು. ಅಷ್ಟು ದೊಡ್ಡ ಗಾಡಿ ಕೊಂಚ ತಿರುಗಿತು. ಅಂಗೈ ತಡೆಯಿತು, ಗಾಡಿ ನಿಂತಿತು. ಬೆರಳುಗಳು ಕರೆದವು. ಎಂಜಿನ್ ಗುಟುರು ಹಾಕಿ, ಚಕ್ರ ಕಲ್ಲನ್ನು ಕಚ್ಚಿ, ಹಸಿರು ಮೂತಿ ಬಂಡೆಯ ಅಂಚಿನಿಂದ ಸೂರ್ಯನಂತೆ ಮೇಲೆದ್ದಿತು. ಗಾಜಿನ ಹಿಂದೆ ಮಾವ ಅತ್ತೆಯ ಬೆರಳುಗಳನ್ನಲ್ಲದೆ ಬೇರೇನನ್ನೂ ನೋಡುತ್ತಿರಲಿಲ್ಲ.

ನಾಲ್ಕೂ ಚಕ್ರ ಸಮನೆಲಕ್ಕೆ ಬಂದವು. ಎಂಜಿನ್ ನಿಂತಿತು. ಟವರಿನ ತಂತಿಗಳಲ್ಲಿ ಗಾಳಿ ಕೊರೆಯುವ ಸದ್ದು ಆಗ ಕೇಳಿಸಿತು. ಅತ್ತೆ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದರು. ಅವರ ಬೆನ್ನ ಹಿಂದೆ ಬೆಟ್ಟದ ಮೇಲೆ ಬೆಟ್ಟ, ಆಮೇಲೆ ನೀಲಿ, ಆಮೇಲೆ ಯಾವುದು ನೆಲ ಯಾವುದು ಮುಗಿಲು ಎಂದು ತಿಳಿಯದ ಬಿಳುಪು. ಮಾವ ಗಾಜು ಇಳಿಸಿದರು.

"ನನ್ನ ನೋಡಿದ್ದು ಸಾಕು ಕಣೇ. ಹಿಂದೆ ತಿರುಗು."

ಅತ್ತೆ ತಿರುಗಿದರು.